ಶಾರ್ಕ್ ಕಂಡರೆ ಕಿರುಚುವ ಮಗುವನ್ನು ದುಬೈ ಅಕ್ವೇರಿಯಂಗೆ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಶಿವಮೊಗ್ಗದವರು. ನಾದಿನಿಯ ಸಂಸಾರ ದುಬೈನಲ್ಲಿದೆ. ಡಿಸೆಂಬರ್ ರಜೆಗೆ ಒಂದು ವಾರ ಅಲ್ಲಿಗೆ ಹೋಗುತ್ತಿದ್ದೇವೆ. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಹದಿನಾಲ್ಕು ತಿಂಗಳು. ದುಬೈ ಮಾಲ್‌ನ ಅಕ್ವೇರಿಯಂ ನೋಡದೆ ಬರಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹೋದ ವರ್ಷ ಊರಿಗೆ ಮೀನಿನ ಸುರಂಗದ ಎಕ್ಸಿಬಿಷನ್ ಬಂದಿತ್ತು. ಒಳಗೆ ಹೋದ ಕೂಡಲೇ ಮಗ ಕಿರುಚಿ, ನನ್ನ ಕೊರಳು ತಬ್ಬಿಕೊಂಡು, ಹೊರಗೆ ಬರುವ ತನಕ ಕಣ್ಣೇ ಬಿಡಲಿಲ್ಲ. ಎರಡು ಮೂರು ರಾತ್ರಿ ನಿದ್ದೆಯಲ್ಲಿ ಬೆಚ್ಚಿಬಿದ್ದ. ಅತ್ತೆಯವರು ‘ಮಗೂಗೆ ಭಯ ಹೊಕ್ಕಿದೆ’ ಎಂದು ದಾರ ಕಟ್ಟಿಸಿದರು. ಜರ್ಮನಿಯಲ್ಲಿ ಅಕ್ವೇರಿಯಂ ಒಡೆದುಹೋದ ಸುದ್ದಿ ವಾಟ್ಸಾಪ್‌ನಲ್ಲಿ ನೋಡಿದ ಮೇಲಂತೂ ಬೇಡವೇ ಬೇಡ ಅನ್ನುತ್ತಿದ್ದಾರೆ. ನಮ್ಮ ಯಜಮಾನರು ‘ಸೀದಾ ಒಳಗೆ ಎತ್ತಿಕೊಂಡು ಹೋದರೆ ಹೆದರಿಕೆ ತಾನಾಗೇ ಬಿಟ್ಟುಹೋಗುತ್ತೆ’ ಅನ್ನುತ್ತಾರೆ. ಮಗಳು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು. ಕೆಲವು ಕಡೆ ಮೀನು ಮುಟ್ಟಲು ಬಿಡುತ್ತಾರಂತೆ, ಸೋಂಕು ತಗಲುವುದಿಲ್ಲವೇ? ಇನ್ನೊಂದು ಮಾತು. ಹಾಗೆ ಕೂಡಿಹಾಕಿದ ಪ್ರಾಣಿಗಳನ್ನು ಮಕ್ಕಳಿಗೆ ತೋರಿಸುವುದು ಸರಿಯಾ ಎಂಬ ಪ್ರಶ್ನೆ ನನಗೇ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಒಂದೇ: ಮಗನಿಗೆ ಮತ್ತೆ ಹಾಗಾದರೆ ಅದಕ್ಕೆ ನಾನೇ ಕಾರಣಳಾಗುತ್ತೇನಾ? ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಮಕ್ಕಳ ವೈದ್ಯೆಯಾಗಿ ಇಂಥ ಹೆದರಿಕೆಗಳನ್ನು ನಾನು ದಿನವೂ ನೋಡುತ್ತೇನೆ. ಮಿಕ್ಸಿ ಸದ್ದು, ಬಲೂನು, ಯಕ್ಷಗಾನದ ರಾಕ್ಷಸ ವೇಷ, ಕ್ಷೌರದಂಗಡಿ, ಹೀಗೆ ಒಬ್ಬೊಬ್ಬರಿಗೆ ಒಂದೊಂದು. ನಿಮ್ಮ ಮಗನನ್ನು ಹೆದರಿಸಿದ್ದು ಶಾರ್ಕ್.

ಮೊದಲು ಅತ್ತೆಯವರ ಆತಂಕ ನೋಡೋಣ. ಅದು ಸುಳ್ಳು ಸುದ್ದಿಯಲ್ಲ. ಬರ್ಲಿನ್‌ನ ಒಂದು ಹೋಟೆಲ್ ಲಾಬಿಯಲ್ಲಿ ‘ಅಕ್ವಾಡೋಮ್’ ಎಂಬ ನಿಲುವು ಕೊಳವೆಯಾಕಾರದ ತೊಟ್ಟಿ ಇತ್ತು. ಅದು 2022ರ ಡಿಸೆಂಬರ್ 16ರ ನಸುಕಿನಲ್ಲಿ ಒಡೆಯಿತು. 10 ಲಕ್ಷ ಲೀಟರ್ ನೀರು ಬೀದಿಗೆ ಹರಿಯಿತು. ಅದರಲ್ಲಿದ್ದ ಸುಮಾರು 1,500 ಮೀನುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸತ್ತವು. ಬೆಳಗಿನ ಜಾವವಾದ್ದರಿಂದ ಲಾಬಿ ಖಾಲಿಯಿತ್ತು, ಇಬ್ಬರಿಗೆ ಸಣ್ಣ ಗಾಯಗಳಾದವು. ದುಬೈ ಮಾಲ್‌ನಲ್ಲೂ 2010ರ ಫೆಬ್ರವರಿಯಲ್ಲಿ ತೊಟ್ಟಿಯ ಒಂದು ಜೋಡಣೆಯಲ್ಲಿ ನೀರು ಸೋರಿತ್ತು. ಆ ಭಾಗದಿಂದ ಜನರನ್ನು ಹೊರಗೆ ಕಳಿಸಿ ದುರಸ್ತಿ ಮಾಡಿದರು. ‘ಹಾಗೆಲ್ಲ ಏನೂ ಆಗಲ್ಲ ಬಿಡಿ’ ಎಂದು ಅತ್ತೆಯವರ ಬಾಯಿ ಮುಚ್ಚಿಸುವುದಕ್ಕಿಂತ ಇದನ್ನೆಲ್ಲ ಒಪ್ಪಿಕೊಂಡು, ಆಮೇಲೆ ಮುಂದಿನ ಮಾತು ಹೇಳಿ.

ದುಬೈನ ತೊಟ್ಟಿಯ ಮುಂಭಾಗ ಮನೆಯ ಮೀನಿನ ತೊಟ್ಟಿಯ ಥರದ ಗಾಜಲ್ಲ, ಅಕ್ರಿಲಿಕ್. ಸುಮಾರು 33 ಮೀಟರ್ ಅಗಲ, 8.3 ಮೀಟರ್ ಎತ್ತರ, 75 ಸೆಂಟಿಮೀಟರ್ ದಪ್ಪ. ಆ ಫಲಕವೊಂದೇ ಸುಮಾರು 245 ಟನ್ ತೂಗುತ್ತದೆ. 75 ಸೆಂಟಿಮೀಟರ್ ಅಂದರೆ ಎಷ್ಟು ಅಂತ ಅತ್ತೆಯವರಿಗೂ ಮಗನಿಗೂ ಮನೆಯಲ್ಲೇ ತೋರಿಸಿ. ನಿಮ್ಮ ಯಜಮಾನರು ತೋಳು ಚಾಚಿದರೆ ಭುಜದಿಂದ ಬೆರಳ ತುದಿಯವರೆಗೆ ಸುಮಾರು ಅಷ್ಟಾಗುತ್ತದೆ. ಅಷ್ಟೂ ಗಟ್ಟಿ ಗೋಡೆ.

‘ಒಂದು ಕೋಟಿ ಲೀಟರ್ ನೀರು ಗೋಡೆಯನ್ನು ತಳ್ಳುತ್ತಿದೆ’ ಎಂದು ಕೇಳಿದಾಗ ಎದೆ ಝಲ್ಲೆನ್ನುತ್ತದೆ, ಅಲ್ವಾ? ಆದರೆ ನೀರಿನ ಒತ್ತಡ ನಿಂತಿರುವುದು ಆಳದ ಮೇಲೆ, ಒಟ್ಟು ನೀರಿನ ಮೇಲಲ್ಲ. ತೊಟ್ಟಿ 51 ಮೀಟರ್ ಉದ್ದ ಇದ್ದರೂ ಅಷ್ಟೇ, ಐದು ಮೀಟರ್ ಉದ್ದ ಇದ್ದರೂ ಅಷ್ಟೇ. ಒಂದೊಂದು ಮೀಟರ್ ಕೆಳಗೆ ಹೋದಂತೆ ಪ್ರತಿ ಚದರ ಮೀಟರ್ ಮೇಲೆ ಒಂದೊಂದು ಟನ್ ಭಾರ ಕೂಡುತ್ತದೆ. ಗೋಡೆಯ ದಪ್ಪವನ್ನು ಆ ಲೆಕ್ಕ ನೋಡಿಯೇ ನಿರ್ಧರಿಸುತ್ತಾರೆ. ಅಪಾಯ ಸೊನ್ನೆ ಎಂದು ನಾನು ಹೇಳುವುದಿಲ್ಲ. ಆದರೆ ಈ ಪ್ರವಾಸದಲ್ಲಿ ನಿಮ್ಮ ಮಕ್ಕಳಿಗಿರುವ ನಿಜವಾದ ಅಪಾಯ ಯಾವುದು ಅಂತ ಕೇಳಿದರೆ, ಟ್ಯಾಕ್ಸಿಯಲ್ಲಿ ಮಕ್ಕಳ ಸೀಟಿಲ್ಲದೆ ಕೂರಿಸುವುದು, ಮಾಲ್‌ನ ಜನಜಂಗುಳಿಯಲ್ಲಿ ಮಗು ಕೈತಪ್ಪುವುದು. ತೊಟ್ಟಿ ಒಡೆಯುವುದು ಆ ಪಟ್ಟಿಯಲ್ಲಿ ತುಂಬ ಕೆಳಗೆ ಬರುತ್ತದೆ.

ಈಗ ಮಗನ ವಿಷಯ.

‘ಭಯ ಹೊಕ್ಕಿದೆ’ ಎನ್ನುವ ಮಾತು ನಮ್ಮಲ್ಲಿ ಮೊದಲಿನಿಂದ ಇದೆ. ಕಾಯಿಲೆಯೊಂದು ಒಳಗೆ ಬಂದು ಕೂತಿದೆ ಎನ್ನುವ ಅರ್ಥದಲ್ಲಿ ಅದು ನಿಜವಲ್ಲ. ಎರಡರಿಂದ ಆರು ವರ್ಷದ ನಡುವೆ ಕತ್ತಲೆ, ದೊಡ್ಡ ಪ್ರಾಣಿ, ಜೋರು ಸದ್ದು ಇವುಗಳ ಹೆದರಿಕೆ ಬರುವುದು ಬೆಳವಣಿಗೆಯ ಒಂದು ಭಾಗವೇ. ಎರಡು ಮೂರು ರಾತ್ರಿ ಬೆಚ್ಚಿಬಿದ್ದು ಆಮೇಲೆ ಸರಿಯಾಯಿತು ಅಂದರೆ, ಅವನ ಮನಸ್ಸು ತನ್ನ ಕೆಲಸ ತಾನು ಮಾಡಿಕೊಂಡಿದೆ. ದಾರದ ಬಗ್ಗೆ ಅತ್ತೆಯವರ ಜೊತೆ ವಾದ ಬೇಡ. ಅಜ್ಜಿ ತನಗೋಸ್ಕರ ಏನೋ ಮಾಡಿದ್ದಾರೆ ಎನ್ನುವುದೇ ಮಗುವಿಗೆ ಧೈರ್ಯ. ಕೊರಳಿಗೆ ಕಟ್ಟಿದ್ದರೆ ಮಾತ್ರ ಬಿಚ್ಚಿ ಕೈಗೆ ಕಟ್ಟಿ. ನಿದ್ದೆಯಲ್ಲಿ ಕೊರಳ ದಾರ ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟಬಹುದು. ಮಗಳಿಗೂ ಇದೇ ಮಾತು.

ಸುರಂಗ ಅಷ್ಟು ಹೆದರಿಸಿದ್ದು ಯಾಕೆ? ಅವನ ಜಾಗದಲ್ಲಿ ನಿಂತು ನೋಡಿ. ಬಿಸಿಲಿನಿಂದ ಒಮ್ಮೆಲೇ ಕತ್ತಲೆಗೆ ಬಂದಿದ್ದಾನೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಮೊದಲ ಕೆಲವು ನಿಮಿಷ ಅವನಿಗೆ ಕಂಡಿದ್ದು ಅಲುಗಾಡುವ ನೆರಳುಗಳು ಮಾತ್ರ. ಎಕ್ಸಿಬಿಷನ್‌ಗಳಲ್ಲಿ ಜೋರಾಗಿ ಹಾಡು ಬೇರೆ ಹಾಕಿರುತ್ತಾರೆ. ಹಿಂದಿನಿಂದ ಜನ ತಳ್ಳುತ್ತಿರುತ್ತಾರೆ, ನಿಂತು ನೋಡಲು ಬಿಡುವುದಿಲ್ಲ. ಮೀನು ಎದುರಿಗಷ್ಟೇ ಅಲ್ಲ, ತಲೆಯ ಮೇಲೂ ಇದೆ. ಹೊರಗೆ ಹೋಗುವ ಬಾಗಿಲು ಎಲ್ಲಿದೆ ಅಂತ ಗೊತ್ತಿಲ್ಲ. ನಡುವೆ ಇರುವ ಗೋಡೆ ಅವನ ಕಣ್ಣಿಗೆ ಕಾಣುವುದೂ ಇಲ್ಲ! ಕಾಣದ ಗೋಡೆಯನ್ನು ನಂಬು ಅಂತ ನಾಲ್ಕು ವರ್ಷದ ಮಗುವಿಗೆ ಹೇಳುವುದು ದೊಡ್ಡ ಮಾತು. ಈ ವಯಸ್ಸಿನಲ್ಲಿ ಕಂಡದ್ದೇ ನಿಜ. ಬಾಯಿ ತೆರೆದು ತನ್ನ ಕಡೆಗೆ ಬರುತ್ತಿರುವ ಪ್ರಾಣಿ ತನ್ನ ಹತ್ತಿರಕ್ಕೇ ಬರುತ್ತಿದೆ.

ಇದಕ್ಕೆ ನೀರಿನ ಗುಣವೂ ಸೇರಿಕೊಳ್ಳುತ್ತದೆ. ಚಪ್ಪಟೆ ಗೋಡೆಯ ಹೊರಗೆ ನಿಂತು ನೋಡಿದರೆ ನೀರಿನೊಳಗಿನ ವಸ್ತು ಇರುವುದಕ್ಕಿಂತ ಕಾಲು ಭಾಗ ಹತ್ತಿರ ಕಾಣುತ್ತದೆ. ನಾಲ್ಕು ಮೀಟರ್ ದೂರದ ಶಾರ್ಕ್ ಮೂರೇ ಮೀಟರ್ ದೂರ ಇದ್ದಂತೆ ಅನ್ನಿಸುತ್ತದೆ, ಅಷ್ಟೇ ದೊಡ್ಡದಾಗಿಯೂ ಕಾಣುತ್ತದೆ. ದುಬೈ ತೊಟ್ಟಿಯಲ್ಲಿ ಎದ್ದು ಕಾಣುವುದು ಸ್ಯಾಂಡ್ ಟೈಗರ್ ಶಾರ್ಕ್. ಅದರ ಬಾಯಿ ಸಾಮಾನ್ಯವಾಗಿ ಅರ್ಧ ತೆರೆದೇ ಇರುತ್ತದೆ, ಉದ್ದನೆಯ ಚೂಪು ಹಲ್ಲುಗಳು ಸಾಲು ತಪ್ಪಿ ಹೊರಗೆ ಚಾಚಿಕೊಂಡಿರುತ್ತವೆ. ನೋಡಲು ಭಯಂಕರ, ಸ್ವಭಾವ ಮಾತ್ರ ನಿಧಾನದ್ದು. ನೀರಿನ ಮೇಲೆ ಬಂದು ಗಾಳಿ ನುಂಗಿ, ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು, ಕದಲದೆ ತೇಲುತ್ತದೆ. ‘ಅದು ಕೋಪದಿಂದ ಬಾಯಿ ತೆರೆದಿಲ್ಲ, ಅದರ ಬಾಯಿ ಇರೋದೇ ಹಾಗೆ’ ಎಂದು ಹೋಗುವ ಮುಂಚೆಯೇ ಮಗನಿಗೆ ಹೇಳಿ. ಈ ಒಂದು ಮಾತು ಎಷ್ಟೋ ಮಕ್ಕಳಿಗೆ ಸಾಕಾಗುತ್ತದೆ.

ನಿಮ್ಮ ಯಜಮಾನರ ಸಲಹೆಗೆ ಬರೋಣ. ಹೆದರಿದ್ದನ್ನು ಮತ್ತೆ ನೋಡಿದರೆ ಹೆದರಿಕೆ ಹೋಗುತ್ತದೆ ಎನ್ನುವುದರಲ್ಲಿ ಅರ್ಧ ನಿಜವಿದೆ. ಮತ್ತೆ ನೋಡಬೇಕು, ಹೌದು. ಆದರೆ ದೂರದಿಂದ, ಸ್ವಲ್ಪ ಸ್ವಲ್ಪವಾಗಿ, ಮಗು ‘ಸಾಕು’ ಅಂದಾಗ ನಿಲ್ಲಿಸುವ ಹಾಗೆ. ಕಿರುಚುವ ಮಗುವನ್ನು ಎತ್ತಿಕೊಂಡು ಒಳಗೆ ನಡೆದರೆ ಅವನು ಕಲಿಯುವುದು ಬೇರೆಯೇ: ಇದು ನಿಜಕ್ಕೂ ಅಪಾಯದ ಜಾಗ, ಜೊತೆಗೆ ನಾನು ಬೇಡ ಅಂದರೂ ಅಪ್ಪ ಕೇಳುವುದಿಲ್ಲ. ಈಜು ಕಲಿಸುತ್ತೇವೆ ಅಂತ ಮಗುವನ್ನು ಬಾವಿಗೆ ದೂಡಿದ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಅವರಲ್ಲಿ ಎಷ್ಟು ಜನ ಆಮೇಲೆ ನೀರಿನ ಹತ್ತಿರವೇ ಹೋಗಲಿಲ್ಲ ಎನ್ನುವುದನ್ನು ಯಾರೂ ಹೇಳುವುದಿಲ್ಲ. ಅದರ ಬದಲು, ಇನ್ನು ಹೋಗುವುದೇ ಬೇಡ ಎಂದು ಪೂರ್ತಿ ಕೈಬಿಟ್ಟರೂ ಹೆದರಿಕೆ ಹಾಗೇ ಉಳಿಯುತ್ತದೆ. ತಪ್ಪಿಸಿಕೊಂಡಿದ್ದಕ್ಕೇ ತಾನು ಉಳಿದೆ ಎಂದು ಮಗು ಅಂದುಕೊಳ್ಳುತ್ತದೆ.

ಈ ವಿಷಯದಲ್ಲಿ ದುಬೈ ಮಾಲ್ ನಿಮಗೆ ಅನುಕೂಲವಾಗಿದೆ. ಆ ದೊಡ್ಡ ಫಲಕ ಮಾಲ್‌ನ ಓಡಾಟದ ಜಾಗಕ್ಕೇ ಮುಖ ಮಾಡಿಕೊಂಡಿದೆ. ಟಿಕೆಟ್ ಇಲ್ಲದೆ, ಬೆಳಕಿನಲ್ಲಿ, ಎಷ್ಟು ದೂರ ಬೇಕೋ ಅಷ್ಟು ದೂರ ನಿಂತು ನೋಡಬಹುದು. ಟಿಕೆಟ್ ಬೇಕಾಗುವುದು 48 ಮೀಟರ್ ಉದ್ದದ ಸುರಂಗಕ್ಕೆ ಮತ್ತು ಮೇಲಿನ ಮಹಡಿಯ ಅಂಡರ್‌ವಾಟರ್ ಝೂಗೆ. ಹಾಗಾಗಿ ನನ್ನ ಸಲಹೆ: ಊರಿನಿಂದಲೇ ಆನ್‌ಲೈನ್ ಟಿಕೆಟ್ ಮಾಡಿಸಬೇಡಿ. ಕಾಸು ಕೊಟ್ಟಾಗಿದೆ ಎನ್ನುವ ಒಂದೇ ಕಾರಣಕ್ಕೆ ಅಳುವ ಮಗುವನ್ನು ಒಳಗೆ ಎಳೆದುಕೊಂಡು ಹೋಗುವ ಅಪ್ಪ ಅಮ್ಮಂದಿರನ್ನು ನಾನು ಬಹಳ ನೋಡಿದ್ದೇನೆ. ಮೊದಲ ದಿನ ಹೊರಗಿನಿಂದ ನೋಡಿ ಬನ್ನಿ. ಅವನು ಹತ್ತು ಹೆಜ್ಜೆ ಹಿಂದೆ ನಿಂತರೆ ನೀವೂ ಅಲ್ಲೇ ನಿಲ್ಲಿ. ‘ಹೆದರಬೇಡ, ಏನೂ ಆಗಲ್ಲ’ ಅನ್ನುವುದರ ಬದಲು ಇರುವುದನ್ನೇ ಹೇಳಿ: ‘ತುಂಬಾ ದೊಡ್ಡದು ಅಲ್ವಾ ಪುಟ್ಟಾ? ಮಧ್ಯ ಗೋಡೆ ಇದೆ. ಮುಟ್ಟಿ ನೋಡ್ತೀಯಾ, ಇಲ್ಲ ಅಮ್ಮ ಮುಟ್ಲಾ?’ ಆ ಗೋಡೆಯ ಮೇಲೆ ನಿಮ್ಮ ಅಂಗೈ ಇಟ್ಟು ತೋರಿಸಿ. ಕಾಣದ ಗೋಡೆ ಅವನಿಗೆ ಗೊತ್ತಾಗುವುದು ಕೈಯಿಂದಲೇ.

ಅವನನ್ನು ಶಾರ್ಕ್‌ನಿಂದ ಶುರು ಮಾಡಿಸಬೇಡಿ. ಚಪ್ಪಟೆ ಮೈಯ ತೊರಕೆ ಮೀನು (ಸ್ಟಿಂಗ್‌ರೇ) ಹುಡುಕಿ. ಅದು ಫಲಕದ ಹತ್ತಿರ ಮೇಲಕ್ಕೆ ಏರುವಾಗ ಹೊಟ್ಟೆಯ ಭಾಗ ನಮ್ಮ ಕಡೆಗಿರುತ್ತದೆ. ಬೆಳ್ಳಗಿನ ಚರ್ಮದ ಮೇಲೆ ಎರಡು ಪುಟ್ಟ ಕಣ್ಣು, ಕೆಳಗೊಂದು ನಗುವ ಬಾಯಿ ಇದ್ದಂತೆ ಕಾಣುತ್ತದೆ. ಕಣ್ಣೆಂದು ಕಾಣುವುದು ನಿಜಕ್ಕೂ ಮೂಗಿನ ಹೊಳ್ಳೆಗಳು. ಕಣ್ಣುಗಳು ಇರುವುದು ಬೆನ್ನಿನ ಕಡೆಗೆ. ‘ನಿಜವಾದ ಕಣ್ಣು ಎಲ್ಲಿದೆ, ಹುಡುಕು ನೋಡೋಣ’ ಅಂದರೆ ಮಗು ತಾನಾಗಿ ಎರಡು ಹೆಜ್ಜೆ ಮುಂದೆ ಬರುತ್ತದೆ. ದೊಡ್ಡ ಹಮ್ಮೂರ್ ಜಾತಿಯ ಮೀನುಗಳೂ ಅಲ್ಲಿವೆ. ನಿಮ್ಮ ನಾದಿನಿಯ ಮನೆಯಲ್ಲಿ ಮೀನು ತಿನ್ನುವವರಿದ್ದರೆ ಹೆಸರು ಕೇಳಿದ ಕೂಡಲೇ ಗುರುತಿಸುತ್ತಾರೆ. ಒಳಗೆ ಈಜುಗಾರರು ಇಳಿದಿದ್ದರೆ ಇನ್ನೂ ಒಳ್ಳೆಯದು. ಶಾರ್ಕ್ ಪಕ್ಕದಲ್ಲೇ ಒಬ್ಬ ಮನುಷ್ಯ ಆರಾಮಾಗಿ ಈಜುವುದನ್ನು ಕಂಡರೆ ನಿಮ್ಮ ಹತ್ತು ಮಾತಿಗಿಂತ ಹೆಚ್ಚು ಧೈರ್ಯ ಬರುತ್ತದೆ. ಆದರೆ ಕೆಲವು ಮಕ್ಕಳಿಗೆ ಮುಖವಾಡ ತೊಟ್ಟ ಆ ಈಜುಗಾರನೇ ಹೆದರಿಕೆ ಹುಟ್ಟಿಸುತ್ತಾನೆ. ಹಾಗಾದರೆ ಅವತ್ತಿಗೆ ಅಲ್ಲಿಗೇ ಸಾಕು, ಐಸ್‌ಕ್ರೀಮ್ ತಿನ್ನಲು ಹೋಗಿ.

ಎರಡನೇ ಸಲ ಹೋದಾಗ ಅವನೇ ಹತ್ತಿರ ಓಡಿದರೆ, ಸುರಂಗಕ್ಕೆ ಹೋಗೋಣವಾ ಅಂತ ಕೇಳಿ. ನೆನಪಿಡಿ, 48 ಮೀಟರ್ ದೊಡ್ಡವರಿಗೆ ಒಂದು ನಿಮಿಷದ ನಡಿಗೆ. ಜನ ತುಂಬಿದ್ದರೆ ಒಳಗಿಂದ ವಾಪಸ್ ತಿರುಗುವುದು ಕಷ್ಟ. ಅದಕ್ಕೇ ಖಾಲಿ ಇರುವ ಹೊತ್ತೇ ಮುಖ್ಯ. ಹೋಗುವ ಮುಂಚೆ ಸಿಬ್ಬಂದಿಯನ್ನು ಕೇಳಿ, ಮಧ್ಯದಲ್ಲಿ ಮಗು ಅತ್ತರೆ ಯಾವ ಕಡೆಯಿಂದ ಹೊರಬರಬೇಕು ಅಂತ. ಮಗ ಬೇಡ ಅಂದರೆ ನಿಮ್ಮ ಯಜಮಾನರು ಹೋಗಿ ನೋಡಿ ಬರಲಿ, ನೀವು ಮಕ್ಕಳ ಜೊತೆ ಹೊರಗಿನ ಫಲಕದ ಮುಂದೆ ಕೂತಿರಿ. ಸುರಂಗ ನೋಡದಿದ್ದರೆ ಅವನಿಗೇನೂ ನಷ್ಟವಿಲ್ಲ. ಒಳಗೆ ಈಜುವುದೂ ಅದೇ ಮೀನುಗಳು.

ಯಾವ ಹೊತ್ತಿಗೆ ಹೋಗಬೇಕು? ಬೆಳಿಗ್ಗೆ, ಬಾಗಿಲು ತೆರೆದ ಹೊಸದರಲ್ಲೇ. ಅಲ್ಲಿ ವಾರದ ರಜೆ ಶನಿವಾರ, ಭಾನುವಾರ. ಶುಕ್ರವಾರ ಮಧ್ಯಾಹ್ನದಿಂದಲೇ ಜನ ಸೇರುತ್ತಾರೆ. ಆ ದಿನಗಳನ್ನು ಬಿಡಿ. ಇನ್ನೊಂದು ಲೆಕ್ಕವನ್ನು ತುಂಬ ಜನ ಮರೆಯುತ್ತಾರೆ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಊರಲ್ಲಿ ರಾತ್ರಿ ಒಂಬತ್ತಕ್ಕೆ ಮಲಗುವ ಮಗುವಿಗೆ ಅಲ್ಲಿ ಸಂಜೆ ಏಳೂವರೆಗೇ ನಿದ್ದೆ ಎಳೆಯುತ್ತದೆ. ಅದೇ ಹೊತ್ತಿಗೆ ಹೊರಗಿನ ಕಾರಂಜಿ ನೋಡಲು ಜನ ನುಗ್ಗುತ್ತಾರೆ. ನಿದ್ದೆಗಣ್ಣು, ಜನ, ಗದ್ದಲ, ಶಾರ್ಕ್, ಎಲ್ಲ ಒಟ್ಟಿಗೆ ಬೇಡ. ಬೆಳಿಗ್ಗೆಯಾದರೆ ನಿಮ್ಮ ಮಕ್ಕಳು ಐದೂವರೆಗೇ ಎದ್ದು ಕೂತಿರುತ್ತಾರೆ, ಹತ್ತು ಗಂಟೆಗೆ ಒಳ್ಳೆಯ ಮೂಡ್‌ನಲ್ಲಿರುತ್ತಾರೆ.

ಮೆಟ್ರೊದಲ್ಲಿ ಹೋಗುವವರಿಗೆ ಒಂದು ಮಾತು. ಸ್ಟೇಷನ್‌ನಿಂದ ಮಾಲ್‌ಗೆ ಎ.ಸಿ. ಸೇತುವೆ ದಾರಿ ಇದೆ, ಮುಕ್ಕಾಲು ಕಿಲೋಮೀಟರ್‌ಗೂ ಜಾಸ್ತಿ. ಚಲಿಸುವ ಪಟ್ಟಿ ಇದ್ದರೂ ನಾಲ್ಕು ವರ್ಷದ ಕಾಲುಗಳು ಮೀನು ನೋಡುವ ಮುಂಚೆಯೇ ಸೋತುಹೋಗುತ್ತವೆ. ಸ್ಟ್ರಾಲರ್ ಮಗಳಿಗಷ್ಟೇ ಅಲ್ಲ, ಅವನಿಗೂ ಬೇಕಾಗುತ್ತದೆ. ಎ.ಸಿ. ಜೋರಿರುತ್ತದೆ, ಸ್ವೆಟರ್ ಇಟ್ಟುಕೊಳ್ಳಿ. ಹೊರಡುವ ಮುಂಚೆ ಇಬ್ಬರು ಮಕ್ಕಳದ್ದೂ ಅವತ್ತಿನ ಬಟ್ಟೆಯಲ್ಲೇ ಒಂದು ಫೋಟೊ ತೆಗೆದುಕೊಳ್ಳಿ. ಅವರ ಮುಂಗೈ ಮೇಲೆ ನಾದಿನಿಯ ದುಬೈ ನಂಬರನ್ನು ಪೆನ್ನಿನಲ್ಲಿ ಬರೆಯಿರಿ. ಮಗು ಕೈತಪ್ಪಿದರೆ ‘ಯಾವ ಬಣ್ಣದ ಅಂಗಿ’ ಎಂಬ ಪ್ರಶ್ನೆಗೆ ಗಾಬರಿಯಲ್ಲಿ ಉತ್ತರ ಹೊಳೆಯುವುದಿಲ್ಲ.

ಮಗಳ ಬಗ್ಗೆ ಚಿಂತೆ ಕಡಿಮೆ ಮಾಡಿ. ಈ ವಯಸ್ಸಿನ ಮಗು ಹೊಸದೇನಾದರೂ ಕಂಡರೆ ಮೊದಲು ತಿರುಗಿ ಅಮ್ಮನ ಮುಖ ನೋಡುತ್ತದೆ. ನೀವು ನಗುತ್ತಿದ್ದರೆ ಅವಳೂ ನಗುತ್ತಾಳೆ. ಅಣ್ಣ ಕಿರುಚಿದರೆ ಮಾತ್ರ ಅವಳೂ ಶುರು ಮಾಡಬಹುದು. ಅದಕ್ಕೇ ಇಬ್ಬರನ್ನು ಇಬ್ಬರು ದೊಡ್ಡವರು ನೋಡಿಕೊಳ್ಳಿ, ಬೇಕಾದರೆ ಬೇರೆ ಬೇರೆ ಕಡೆ ಹೋಗುವ ಹಾಗಿರಲಿ.

ಮುಟ್ಟುವ ತೊಟ್ಟಿಗಳ ವಿಷಯ. ಅಲ್ಲಿ ಸಾಮಾನ್ಯವಾಗಿ ತೊರಕೆ, ನಕ್ಷತ್ರ ಮೀನುಗಳನ್ನು ಬಿಟ್ಟಿರುತ್ತಾರೆ. ತೊರಕೆಯ ಬಾಲದಲ್ಲಿ ವಿಷದ ಮುಳ್ಳಿರುವುದು ನಿಜ. ಅದನ್ನು ನಾವು ಉಗುರು ಕತ್ತರಿಸಿದ ಹಾಗೆ ಆಗಾಗ ಕತ್ತರಿಸುತ್ತಿರುತ್ತಾರೆ, ಮತ್ತೆ ಬೆಳೆಯುತ್ತದೆ. ಹಾಗಾಗಿ ಮುಳ್ಳಿಗಿಂತ ಕೈಯ ಸ್ವಚ್ಛತೆಯೇ ದೊಡ್ಡ ವಿಷಯ. ಮುಟ್ಟುವ ಮುಂಚೆ ಬರೀ ನೀರಿನಲ್ಲಿ ಕೈ ತೊಳೆಯಿರಿ. ಸ್ಯಾನಿಟೈಸರ್, ಕ್ರೀಮ್ ಹಚ್ಚಿದ ಕೈ ಆ ಪ್ರಾಣಿಗಳಿಗೆ ಕೆಟ್ಟದ್ದು. ಮುಟ್ಟಿದ ಮೇಲೆ ಸೋಪು ಹಾಕಿ ತಿಕ್ಕಿ ತೊಳೆಯಬೇಕು, ಆಗ ಸ್ಯಾನಿಟೈಸರ್ ಸಾಲದು. ಮಗನ ಕೈಯಲ್ಲಿ ಗಾಯ, ತುರಿಕಜ್ಜಿ ಇದ್ದರೆ ಮುಟ್ಟುವುದು ಬೇಡ. ನೀರಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಗಾಯದ ಮೂಲಕ ಹೊಕ್ಕರೆ ಕೆಲವು ವಾರಗಳ ಮೇಲೆ ಅಲ್ಲಿ ವಾಸಿಯಾಗದ ಗಂಟು ಬರುತ್ತದೆ. ಇದು ಅಪರೂಪ, ಆದರೆ ಬಂದರೆ ತಿಂಗಳುಗಟ್ಟಲೆ ಔಷಧಿ. ಮಗಳನ್ನು ಮಾತ್ರ ಮುಟ್ಟಿಸಲೇಬೇಡಿ. ಅವಳ ಕೈ ಸೋಪಿಗಿಂತ ಮುಂಚೆ ಬಾಯಿ ತಲುಪುತ್ತದೆ. ಆಮೆ, ಹಲ್ಲಿ ಜಾತಿಯ ಪ್ರಾಣಿಗಳನ್ನು ಐದು ವರ್ಷದ ಒಳಗಿನ ಯಾರೂ ಮುಟ್ಟಬಾರದು. ಅವುಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಚಿಕ್ಕ ಮಕ್ಕಳಲ್ಲಿ ಅದು ಜೋರಾದ ಭೇದಿ ತರುತ್ತದೆ. ವಾಪಸ್ ಬಂದ ಮೇಲೆ ಮಗ ಹಟ ಮಾಡಿದ ಅಂತ ಅಂಗಡಿಯಿಂದ ಪುಟ್ಟ ಆಮೆ ತಂದು ಸಾಕುವವರಿದ್ದಾರೆ. ಅದೂ ಸದ್ಯಕ್ಕೆ ಬೇಡ.

ವೈದ್ಯರ ಹತ್ತಿರ ಯಾವಾಗ ಬರಬೇಕು ಎನ್ನುವುದನ್ನೂ ಹೇಳಿಬಿಡುತ್ತೇನೆ. ಹೆದರಿಕೆ ಶಾರ್ಕ್‌ಗೆ ನಿಲ್ಲದೆ ಸ್ನಾನದ ಬಕೆಟ್‌ವರೆಗೆ ಬಂದರೆ, ಶಾಲೆಗೆ ಹೋಗಲು, ಒಬ್ಬನೇ ಪಕ್ಕದ ಕೋಣೆಗೆ ಹೋಗಲೂ ಅಡ್ಡಿಯಾದರೆ, ಆರು ತಿಂಗಳಾದರೂ ಕಡಿಮೆಯಾಗದಿದ್ದರೆ ತೋರಿಸಿ. ಜೊತೆಗೆ ಎಲ್ಲ ಜೋರು ಸದ್ದಿಗೂ ಕಿವಿ ಮುಚ್ಚಿಕೊಳ್ಳುವುದು, ಮಾತು ತಡವಾಗಿರುವುದು ಇದ್ದರೆ ಅಷ್ಟು ದಿನ ಕಾಯಬೇಡಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ಕೊನೆಯ ಪ್ರಶ್ನೆ, ಕೂಡಿಹಾಕಿದ ಪ್ರಾಣಿಗಳದ್ದು. ನೀವು ಇದನ್ನು ಕೇಳಿದ್ದು ನನಗೆ ಇಷ್ಟವಾಯಿತು. ಎಲ್ಲ ಪ್ರಾಣಿಗಳಿಗೂ ಒಂದೇ ಉತ್ತರ ಇಲ್ಲ. ಹವಳದ ಮೀನುಗಳಲ್ಲಿ ಎಷ್ಟೋ ಜಾತಿಗಳು ಸಣ್ಣ ಜಾಗದಲ್ಲೇ ಬದುಕು ಕಳೆಯುತ್ತವೆ. ಒಳ್ಳೆಯ ನೀರು, ಆಹಾರ, ಅಡಗಲು ಜಾಗ ಇದ್ದರೆ ಅವು ತೊಟ್ಟಿಯಲ್ಲಿ ಚೆನ್ನಾಗಿರಬಲ್ಲವು. ದೊಡ್ಡ ಶಾರ್ಕ್‌ಗಳ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಆದರೂ ಕಡಲನ್ನೇ ನೋಡದ ಮಗು ಒಮ್ಮೆ ಅವನ್ನು ಎದುರಿಗೆ ಕಾಣುವುದಕ್ಕೆ ಬೆಲೆ ಇದೆ ಎಂದು ನಂಬುತ್ತೇನೆ. ‘ಅದು ಮನೆಗೆ ಯಾಕೆ ಹೋಗಲ್ಲ?’ ಎಂದು ಮಗ ಕೇಳಿದರೆ ‘ಇದೇ ಅದರ ಮನೆ’ ಅಂತ ಸುಮ್ನೆ ತೇಲಿಸಬೇಡಿ. ‘ಅದರ ಮನೆ ಸಮುದ್ರ. ಜನ ನೋಡಲಿ ಅಂತ ಇಲ್ಲಿ ಇಟ್ಟಿದ್ದಾರೆ’ ಅನ್ನಿ. ನಾಲ್ಕು ವರ್ಷದ ಮಗುವಿಗೆ ಅಷ್ಟು ನಿಜ ಅರ್ಥವಾಗುತ್ತದೆ. ಗೋಡೆಯನ್ನು ಬಡಿಯಬಾರದು, ಫ್ಲಾಷ್ ಹಾಕಿ ಫೋಟೊ ತೆಗೆಯಬಾರದು ಎನ್ನುವುದನ್ನೂ ಆಗಲೇ ಹೇಳಿಕೊಡಿ. ಮೀನುಗಳು ಕಂಪನವನ್ನು ಕಿವಿಯಿಂದಲೂ ಮೈಪಕ್ಕದ ಗೆರೆಯುದ್ದಕ್ಕೂ ಗ್ರಹಿಸುತ್ತವೆ.

ಡಾಲ್ಫಿನ್ ಪ್ರದರ್ಶನದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಗಟ್ಟಿ. ದಿನಕ್ಕೆ ಎಷ್ಟೋ ಮೈಲಿ ಈಜುವ, ಗುಂಪಿನಲ್ಲಿ ಬಾಳುವ, ಅಷ್ಟು ಬುದ್ಧಿಯ ಪ್ರಾಣಿಯನ್ನು ಕೊಳದಲ್ಲಿಟ್ಟು ಕುಣಿಸುವುದು ಸರಿಯಲ್ಲ. ನಮ್ಮ ಕೇಂದ್ರ ಸರ್ಕಾರ 2013ರಲ್ಲೇ ದೇಶದಲ್ಲಿ ಡಾಲ್ಫಿನೇರಿಯಂಗಳಿಗೆ ಅನುಮತಿ ಇಲ್ಲ ಎಂದಿತು. ದುಬೈನಲ್ಲಿ ಅಂಥ ಪ್ರದರ್ಶನಗಳಿವೆ. ನಾದಿನಿಯವರು ಪ್ರೀತಿಯಿಂದ ಟಿಕೆಟ್ ತರುವ ಮುಂಚೆಯೇ ಫೋನ್ ಮಾಡಿ, ಅದು ಬೇಡ, ಅವತ್ತು ಸಂಜೆ ಮಕ್ಕಳನ್ನು ಕಡಲ ತೀರದ ಮರಳಿನಲ್ಲಿ ಆಡಿಸೋಣ ಅಂತ ಹೇಳಿಬಿಡಿ.